ಮಖಮಲ್ಲು ಹುಳುವಿನ ಚಿತ್ರ: ನೋಯಿಸದೆ ತೆಗೆಯುವುದು ಹೇಗೆ?

ನ್ಯೂಜಿಲೆಂಡಿನ ಡ್ಯುನಿಡಿನ್‌ಗೆ ಊರಿನಿಂದ ಬರುವ ಛಾಯಾಗ್ರಾಹಕ ಗೆಳೆಯರು ಮೊದಲು ಕೇಳುವುದೇ ಮಖಮಲ್ಲು ಹುಳುವನ್ನು. ನಮ್ಮ ಹೊಲಗಳಲ್ಲಿ ಮೊದಲ ಮಳೆಗೆ ಕಾಣುವ ಕೆಂಪು ಹುಳು ಇದಲ್ಲ. ಅದು ಜೇಡದ ಬಳಗ. ಇದು ಇಂಗ್ಲಿಷಿನಲ್ಲಿ ವೆಲ್ವೆಟ್ ವರ್ಮ್ ಎನ್ನುವ, ಮೊಂಡುಗಾಲುಗಳ ಮೆತ್ತನೆ ಮೈಯ ಉದ್ದ ಹುಳು. ಇದರ ನೆಂಟರು ಸುಮಾರು 50 ಕೋಟಿ ವರ್ಷಗಳ ಹಿಂದೆಯೇ ಕಡಲ ತಳದಲ್ಲಿ ಮೊಂಡುಗಾಲೂರಿ ನಡೆಯುತ್ತಿದ್ದವು. ಅಂಥ ಜೀವಿಯನ್ನು ಒಂದು ಚಿತ್ರಕ್ಕಾಗಿ ಹಿಂಸಿಸಿದ್ದನ್ನು ಕಣ್ಣಾರೆ ಕಂಡು ಇದನ್ನು ಬರೆಯುತ್ತಿದ್ದೇನೆ.

ಹುಡುಕಲು ಕೊಳೆತ ದಿಮ್ಮಿಯನ್ನು ಸೀಳಬೇಡಿ, ಅದು ಹುಳುವಿನ ಮನೆ. ಮಳೆ ನಿಂತ ರಾತ್ರಿ ಕೆಂಪು ಬೆಳಕಿನ ಟಾರ್ಚ್ ಹಿಡಿದು ಹೋಗಿ, ತಾನಾಗಿ ಹೊರಬಂದಿರುತ್ತದೆ. ತೀರ ಹತ್ತಿರದಿಂದ ತೆಗೆಯುವ 100 ಮಿ.ಮೀ. ಮ್ಯಾಕ್ರೊ ಲೆನ್ಸ್, ಅಪರ್ಚರ್ ಎಫ್/11, ಶಟರ್ 1/160 ಸೆಕೆಂಡು. ಇಷ್ಟು ಸಾಕು.

ಎಲ್ಲರೂ ಎಡವುವುದು ಬೆಳಕಿನಲ್ಲಿ. ಎಲ್‌ಇಡಿ ದೀಪ ಹಚ್ಚಿದೊಡನೆ ಹುಳು ಎಲೆಯಡಿ ನುಸುಳುತ್ತದೆ. ಚಿತ್ರ ತೆಗೆಯುವವರು ಅದನ್ನು ಮತ್ತೆ ಮತ್ತೆ ಎಳೆದು ಬಯಲಿಗೆ ಹಾಕುತ್ತಾರೆ. ಮೈಮೇಲಿನ ಉಸಿರುರಂಧ್ರಗಳನ್ನು ಮುಚ್ಚಿಕೊಳ್ಳಲು ಅದಕ್ಕೆ ಬಾರದು, ಅವುಗಳಿಂದಲೇ ತೇವ ಆರಿ ಹುಳು ಸೊರಗುತ್ತದೆ. ಫ್ಲ್ಯಾಶ್ ಒಂದನ್ನೇ ಬಳಸಿ. ಆದರೆ ಅದಕ್ಕೆ ಏನನ್ನೂ ಅಡ್ಡ ಹಿಡಿಯದೆ ಹೊಡೆದರೆ ಮೈಯ ಒಂದೊಂದು ಗುಳ್ಳೆಯ ಮೇಲೂ ಬಿಳಿ ಚುಕ್ಕೆ ಕೂತು ಮಖಮಲ್ಲು ಒದ್ದೆ ರಬ್ಬರಿನಂತೆ ಕಾಣುತ್ತದೆ. ಫ್ಲ್ಯಾಶಿಗೆ ತೊಡಿಸಲು ಅಂಗಡಿಯಲ್ಲಿ ಸಿಗುವ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆಗೆ ದುಡ್ಡು ಸುರಿಯಬೇಡಿ, ಅದರಿಂದ ಬೆಳಕು ಹರಡುವುದಿಲ್ಲ. ಎ4 ಅಗಲದ ಹಾಲುಬಣ್ಣದ ತೆಳು ಫೋಮ್ ಹಾಳೆಯನ್ನು ಲೆನ್ಸ್ ಮೇಲೆ ಕಮಾನಿನಂತೆ ಬಗ್ಗಿಸಿ, ಹುಳುವಿಗೆ ಗೇಣು ದೂರದಲ್ಲಿ, ತುಸು ಓರೆಯಾಗಿ ಹಿಡಿಯಿರಿ. ಗುಳ್ಳೆಗಳ ಸಣ್ಣ ನೆರಳು ಬಿದ್ದರೆ ಮಾತ್ರ ಮಖಮಲ್ಲು ಮಖಮಲ್ಲಾಗಿ ಕಾಣುವುದು. ಕಪ್ಪು ಮೈಗೆ ಕ್ಯಾಮೆರಾ ಮೋಸಹೋಗಿ ಬೆಳಕು ಹೆಚ್ಚಿಸುತ್ತದೆ. ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು, ಇಳಿಸಿ.

ಫೋಕಸ್ ಮೀಸೆಯ ಬುಡದಲ್ಲಿರುವ ಸಾಸಿವೆಗಿಂತ ಚಿಕ್ಕ ಕಣ್ಣಿನ ಮೇಲಿರಲಿ. ಹುಳು ಮೈ ಚಾಚಿ, ಎರಡೂ ಮೀಸೆಗಳಿಂದ ಗಾಳಿಯನ್ನು ತಡವುತ್ತ, ಮುಂದಿನ ಕಾಲೊಂದನ್ನು ಎತ್ತಿದ ಕ್ಷಣಕ್ಕೆ ಕಾಯಿರಿ.

ಅಂಟು ಚಿಮ್ಮಿಸುವ ಚಿತ್ರಕ್ಕಾಗಿ ಕಡ್ಡಿಯಿಂದ ತಿವಿಯುವುದನ್ನು ನಾನು ಒಪ್ಪುವುದೇ ಇಲ್ಲ. ಬೇಟೆಯನ್ನು ಕಟ್ಟಿಹಾಕುವ ಆ ಅಂಟು ಮೈಯೊಳಗಿನ ಪ್ರೋಟೀನಿನಿಂದ ಆದದ್ದು. ಬರಿದಾದರೆ ಮತ್ತೆ ತುಂಬಲು ವಾರಗಳು ಬೇಕು.

ಭಾರತದಲ್ಲೇ ನೋಡಬೇಕೆನ್ನುವವರಿಗೆ ಅರುಣಾಚಲದ ಸಿಯಾಂಗ್ ಕಣಿವೆಯಿದೆ. 1913ರಲ್ಲಿ ಪ್ರಾಣಿಶಾಸ್ತ್ರಜ್ಞ ಸ್ಟ್ಯಾನ್ಲಿ ಕೆಂಪ್ ವಿವರಿಸಿದ ಟೈಫ್ಲೊಪೆರಿಪ್ಯಾಟಸ್ ವಿಲಿಯಮ್ಸೋನಿ ಎಂಬ ಮಖಮಲ್ಲು ಹುಳು, ಶತಮಾನ ಕಳೆದ ಮೇಲೆ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರಿಗೆ ಅಲ್ಲೇ ಮತ್ತೆ ಸಿಕ್ಕಿತು. ಅರುಣಾಚಲಕ್ಕೆ ಕಾಲಿಡಲು ಬೇಕಾದ ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಳ್ಳಿ. ಆ ಹುಳು ಕಲ್ಲಡಿಯ ಜೀವಿ. ಎತ್ತಿದ ಕಲ್ಲನ್ನು ಇದ್ದ ಮಗ್ಗುಲಿಗೇ ಇಡಿ. ಅದಕ್ಕೆ ಕಣ್ಣಿಲ್ಲ, ಫೋಕಸ್ ಅನ್ನು ಮೀಸೆಯ ಬುಡಕ್ಕೇ ಕೂರಿಸಿ.