ಸ್ಪ್ರಿಂಟರ್ ಒಬ್ಬನೇ ಬರುವುದಿಲ್ಲ: ತಂಡ ಕಟ್ಟುವ ಕೆಲಸದಲ್ಲಿ ನನ್ನ ಅನುಭವ

ವೃತ್ತಿಪರ ಸೈಕ್ಲಿಂಗ್ ತಂಡಗಳಿಗೆ ಸವಾರರನ್ನು ಆರಿಸಿಕೊಡುವುದು ನನ್ನ ಕೆಲಸ. ರೇಸ್‌ಗಳ ವಿಡಿಯೊ, ಪೆಡಲ್ ಒತ್ತುವ ಶಕ್ತಿಯನ್ನು ಅಳೆಯುವ ಪವರ್ ಮೀಟರಿನ ಅಂಕಿಅಂಶ, ವರ್ಷದ ವೇಳಾಪಟ್ಟಿ ಎಲ್ಲವನ್ನೂ ಮುಂದಿಟ್ಟುಕೊಂಡು ಯಾರನ್ನು ತೆಗೆದುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಹೇಳಬೇಕು. ಹೊಸ ಒಪ್ಪಂದಗಳನ್ನು ಆಗಸ್ಟ್ 1ರಿಂದಷ್ಟೇ ಪ್ರಕಟಿಸಬಹುದಾದರೂ ಮಾತುಕತೆ ಅದಕ್ಕೂ ಬಹಳ ಮೊದಲೇ ಶುರುವಾಗಿರುತ್ತದೆ. ಅಂಥ ಒಂದು ವಸಂತದಲ್ಲಿ ನಮ್ಮ ತಂಡದ ವ್ಯವಸ್ಥಾಪಕರು ಒಂದು ಪ್ರಶ್ನೆ ಕೇಳಿದರು. ಮೂರು ವಾರ, ದಿನಕ್ಕೊಂದು ಹಂತದಂತೆ ನಡೆಯುವ ಟೂರ್ ಡಿ ಫ್ರಾನ್ಸ್‌ನಲ್ಲಿ ಹಂತಗಳನ್ನು ಗೆದ್ದ ತಾರಾ ಸ್ಪ್ರಿಂಟರ್ (ಕೊನೆಯ ಕೆಲವು ನೂರು ಮೀಟರಿನಲ್ಲಿ ಎಲ್ಲರನ್ನೂ ಮೀರಿ ನುಗ್ಗುವ ಸವಾರ) ಒಬ್ಬನ ಒಪ್ಪಂದ ಮುಗಿಯುತ್ತಿದೆ. ಹಣವಿದೆ, ಪ್ರಾಯೋಜಕರಿಗೂ ಆಸೆಯಿದೆ. ಸೇರಿಸಿಕೊಳ್ಳೋಣವೆ?

ನಾನು ಆತನ ಗೆಲುವುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಹಾಳೆಯ ಮೇಲೆ ಎಂಟು ಗೆರೆ ಎಳೆದೆ. 2018ರಿಂದ ಟೂರ್‌ಗೆ ಪ್ರತಿ ತಂಡವೂ ಎಂಟು ಸವಾರರನ್ನಷ್ಟೇ ಕರೆದೊಯ್ಯಬಹುದು. ಅದಕ್ಕೆ ಮೊದಲು ಒಂಬತ್ತು ಜನ ಇರುತ್ತಿದ್ದರು. ನಮ್ಮಲ್ಲಿ ಆಗಲೇ, ಎಲ್ಲ ಹಂತಗಳ ಸಮಯ ಕೂಡಿಸಿದ ಒಟ್ಟಾರೆ ಪಟ್ಟಿಯಲ್ಲಿ ಮೊದಲ ಐದರೊಳಗೆ ಬರಬಲ್ಲ ನಾಯಕನಿದ್ದ. ಮೊದಲ ಗೆರೆ ಅವನದು. ಪರ್ವತಗಳಲ್ಲಿ ಅವನ ಜೊತೆಗಿರಲು ಮೂವರು ಏರುವವರು. ಬಯಲಿನಲ್ಲಿ ಅಡ್ಡಗಾಳಿ ಬೀಸಿದಾಗ ಅವನನ್ನು ಮುಂದೆ ಉಳಿಸಲು ಒಬ್ಬ ಗಟ್ಟಿಗ. ಐದು ಗೆರೆ ಅಲ್ಲಿಗೇ ತುಂಬಿದವು. ಸ್ಪ್ರಿಂಟರ್ ಬಂದರೆ ಆರು, ಕೊನೆಯ ಕ್ಷಣದವರೆಗೆ ಅವನಿಗೆ ಗಾಳಿ ಸೀಳಿಕೊಡುವ ಲೀಡ್-ಔಟ್ ಸವಾರ ಏಳು, ಅವನಿಗೂ ಮುಂದೆ ಎಳೆಯುವವನು ಎಂಟು. ಇನ್ನು, ಬೆಳಿಗ್ಗೆಯೇ ಮುಂದೆ ಓಡಿಹೋದ ಗುಂಪನ್ನು ಹಿಡಿಯಲು ನೂರಕ್ಕೂ ಹೆಚ್ಚು ಕಿಲೋಮೀಟರ್ ಮುಂಚೂಣಿಯಲ್ಲಿ ಮೈಮುರಿಯುವವನು ಯಾರು? ಹಾಳೆಯಲ್ಲಿ ಒಂಬತ್ತನೆಯ ಗೆರೆ ಇರಲಿಲ್ಲ. ಆತ ಎಷ್ಟು ವೇಗಿ ಎಂಬುದನ್ನು ನೋಡುವ ಮೊದಲೇ ನನಗೆ ಗೊತ್ತಾದ ಸಂಗತಿ ಇದು: ನಾವು ಕೊಳ್ಳುತ್ತಿರುವುದು ಒಬ್ಬನ ಕಾಲುಗಳನ್ನಲ್ಲ, ಇನ್ನೂ ಮೂವರ ಇಡೀ ಜುಲೈ ತಿಂಗಳನ್ನು.

ಸಭೆಯಲ್ಲಿ ಇದನ್ನು ಹೇಳಿದಾಗ ನಮ್ಮ ಕ್ರೀಡಾ ನಿರ್ದೇಶಕರೊಬ್ಬರು ಒಪ್ಪಲಿಲ್ಲ. ಒಟ್ಟಾರೆ ವಿಜೇತನ ಹಳದಿ ಜೆರ್ಸಿಯನ್ನೂ, ಅಂಕಗಳಲ್ಲಿ ಮುಂದಿದ್ದು ಹೆಚ್ಚಾಗಿ ಸ್ಪ್ರಿಂಟರ್‌ಗಳೇ ಗೆಲ್ಲುವ ಹಸಿರು ಜೆರ್ಸಿಯನ್ನೂ ಒಟ್ಟಿಗೆ ಗೆದ್ದ ತಂಡಗಳಿಲ್ಲವೆ ಎಂದರು. ಇವೆ. ಟೆಲಿಕಾಮ್ ತಂಡ 1996 ಮತ್ತು 1997ರಲ್ಲಿ ಎರಡನ್ನೂ ಮನೆಗೆ ಒಯ್ದಿತ್ತು, ಹಸಿರು ಎರಡು ಸಲವೂ ಎರಿಕ್ ಜಾಬೆಲ್ ಅವರದು. ಆದರೆ ಆ ಕಾಲದ ಉದ್ದೀಪನ ಮದ್ದಿನ ಕಥೆ ಬಲ್ಲವರು ಅದನ್ನು ಮಾದರಿ ಎನ್ನಲಾರರು. 2022ರಲ್ಲಿ ಜಂಬೊ-ವಿಸ್ಮ ಎಂಟೇ ಜನರಿಂದ ಅದನ್ನು ಮಾಡಿತು: ಯೋನಸ್ ವಿಂಗೆಗಾರ್ಡ್ ಹಳದಿ, ವೌಟ್ ವಾನ್ ಆರ್ಟ್ ಹಸಿರು. ಈ ಉದಾಹರಣೆ ನಿಜಕ್ಕೂ ತೂಕದ್ದು, ಆದ್ದರಿಂದಲೇ ಅದನ್ನು ಹತ್ತಿರದಿಂದ ನೋಡಬೇಕು. ವಾನ್ ಆರ್ಟ್ ತಮ್ಮ ಸುತ್ತ ಮೂವರನ್ನು ಬೇಡುವ ಸವಾರರಲ್ಲ. ಓಟಕಾಂ ಎಂಬ ಪರ್ವತದ ಏರಿನಲ್ಲಿ ಅವರೇ ಮುಂದೆ ನಿಂತು ವಿಂಗೆಗಾರ್ಡ್‌ಗಾಗಿ ಎಳೆದರು. ಅವರು ಎಂಟರಲ್ಲಿ ಒಂದು ಜಾಗ ತೆಗೆದುಕೊಂಡು ಎರಡು ಕೆಲಸ ಮಾಡಿದರು. ನಮ್ಮ ಮುಂದಿದ್ದ ಆತ ಒಂದು ಕೆಲಸಕ್ಕೆ ನಾಲ್ಕು ಜಾಗ ಕೇಳುವವನು.

ಇದಕ್ಕಿಂತ ಹತ್ತಿರದ ಉದಾಹರಣೆ 2012ರದು. ವಿಶ್ವ ಚಾಂಪಿಯನ್ ಆಗಿದ್ದ ಮಾರ್ಕ್ ಕ್ಯಾವೆಂಡಿಶ್ ಆ ವರ್ಷ ಸ್ಕೈ ತಂಡಕ್ಕೆ ಬಂದರು. ತಂಡದ ಗುರಿ ಬ್ರಾಡ್ಲಿ ವಿಗಿನ್ಸ್ ಅವರಿಗೆ ಹಳದಿ ಜೆರ್ಸಿ ತೊಡಿಸುವುದು. ವಿಶ್ವ ಚಾಂಪಿಯನ್‌ನ ಕಾಮನಬಿಲ್ಲಿನ ಜೆರ್ಸಿ ಧರಿಸಿದ ಕ್ಯಾವೆಂಡಿಶ್ ಜೊತೆಗಾರರಿಗೆ ನೀರಿನ ಬಾಟಲಿ ಹೊತ್ತು ತಂದುಕೊಟ್ಟರು. ಹಾಗಿದ್ದೂ ಮೂರು ಹಂತ ಗೆದ್ದರು. ಪ್ಯಾರಿಸ್‌ನ ಕೊನೆಯ ದಿನ ಹಳದಿ ಜೆರ್ಸಿಯ ವಿಗಿನ್ಸ್ ಅವರೇ ಮುಂದೆ ಎಳೆದರು. ಹಳದಿ ಬಂತು, ಗೆಲುವುಗಳೂ ಬಂದವು. ಹೊರಗಿನಿಂದ ನೋಡಿದರೆ ಸಂಪೂರ್ಣ ಯಶಸ್ಸು. ಆದರೂ ಆ ವರ್ಷ ಮುಗಿಯುತ್ತಿದ್ದಂತೆ ಕ್ಯಾವೆಂಡಿಶ್ ತಂಡ ಬಿಟ್ಟರು. ಗೆದ್ದ ವರ್ಷದಲ್ಲೂ ಉಳಿಯಲಾಗದ ಹೊಂದಾಣಿಕೆ ಸೋತ ವರ್ಷದಲ್ಲಿ ಏನಾದೀತು ಎಂದು ನಾನು ಸಭೆಯಲ್ಲಿ ಕೇಳಿದೆ. ಯಾರೂ ಉತ್ತರಿಸಲಿಲ್ಲ.

ಆಮೇಲೆ ವಿಡಿಯೊಗಳಿಗೆ ಕುಳಿತೆ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ ಇದು. ಗೆರೆ ದಾಟುವ ಚಿತ್ರವನ್ನು ನಾನು ನೋಡುವುದೇ ಇಲ್ಲ. ಹೆಲಿಕಾಪ್ಟರಿನಿಂದ ಸೆರೆಹಿಡಿದ ದೃಶ್ಯವನ್ನು ಮೂರು ಕಿಲೋಮೀಟರ್ ಬಾಕಿ ಇರುವಾಗ ನಿಲ್ಲಿಸುತ್ತೇನೆ, ಆತ ಎಷ್ಟನೆಯವನು, ಪಕ್ಕದಲ್ಲಿ ತನ್ನವರು ಎಷ್ಟು ಜನ ಎಂದು ಬರೆದುಕೊಳ್ಳುತ್ತೇನೆ. ಮತ್ತೆ ಒಂದು ಕಿಲೋಮೀಟರ್, ಐನೂರು ಮೀಟರ್, ಇನ್ನೂರು ಮೀಟರ್. ಆತ ಗಾಳಿಗೆ ಎದೆಯೊಡ್ಡಿದ್ದು ಎಲ್ಲಿಂದ? ಗಾಳಿ ಎದುರಿನಿಂದ ಬೀಸುತ್ತಿದ್ದ ದಿನ ತಡೆದುಕೊಂಡು ಕಾದನೆ? ಕೊನೆಯ ತಿರುವಿನಲ್ಲಿ ಬ್ರೇಕ್ ಒತ್ತಿದನೆ? ಹತ್ತು ಹದಿನೈದು ಸೆಕೆಂಡಿನ ಆ ಪೂರ್ಣ ಶಕ್ತಿಯ ಹೊಡೆತ ಮುಂಚೂಣಿಯ ಸ್ಪ್ರಿಂಟರ್‌ಗಳೆಲ್ಲರ ಬಳಿಯೂ ಹೆಚ್ಚುಕಡಿಮೆ ಒಂದೇ. ಗಂಟೆಗೆ ಅರವತ್ತೈದು, ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಅದನ್ನು ಎಷ್ಟು ದಣಿದ ಕಾಲುಗಳಿಂದ, ಯಾವ ಜಾಗದಿಂದ ಹೊಡೆಯುತ್ತಾನೆ ಎಂಬುದೇ ಗೆಲುವನ್ನು ತೀರ್ಮಾನಿಸುತ್ತದೆ. ಆ ಜಾಗವನ್ನು ಬಹುಪಾಲು ಬೇರೆಯವರು ಕೊಡಿಸುತ್ತಾರೆ.

ಆತನ ಗೆಲುವುಗಳಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಕಂಡಿತು. ಒಂದು ಕಿಲೋಮೀಟರ್ ಬಾಕಿ ಇರುವಾಗ ಮುಂದೆ ತನ್ನವರಿಬ್ಬರು. ಇನ್ನೂರೈವತ್ತು ಮೀಟರಿನವರೆಗೂ ಅವರಲ್ಲೊಬ್ಬ ಜೊತೆಗಿದ್ದಾನೆ. ಆ ಒಬ್ಬನನ್ನು ನಾನು ಹೆಚ್ಚು ಹೆಚ್ಚು ಗಮನಿಸತೊಡಗಿದೆ. ಗುಂಪು ಎಡಕ್ಕೆ ವಾಲುವ ಮೊದಲೇ ಬಲಗಡೆಯ ದಾರಿ ಹಿಡಿಯುತ್ತಿದ್ದ. ಹಿಂದೆ ತಿರುಗಿ ನೋಡುತ್ತಿರಲಿಲ್ಲ, ಆದರೂ ಸ್ಪ್ರಿಂಟರ್ ತನ್ನ ಹಿಂಚಕ್ರದಿಂದ ದೂರವಾದನೆಂದು ಗೊತ್ತಾದೊಡನೆ ಅರೆಕ್ಷಣ ಪೆಡಲ್ ನಿಲ್ಲಿಸುತ್ತಿದ್ದ. ಅವನು ಅನಾರೋಗ್ಯದಿಂದಲೋ ಬೇರೆ ರೇಸಿನ ಕಾರಣದಿಂದಲೋ ಇರದಿದ್ದ ದಿನಗಳ ವಿಡಿಯೊ ಹುಡುಕಿ ನೋಡಿದೆ. ತಾರೆ ಅಲ್ಲೂ ವೇಗಿಯೇ. ಆದರೆ ಹತ್ತನೆಯವನಾಗಿ ಶುರುಮಾಡಿ ನಾಲ್ಕನೆಯವನಾಗಿ ಮುಗಿಸುತ್ತಿದ್ದ.

ಈ ರಂಗದಲ್ಲಿ ಇದು ಹೊಸ ವಿಷಯವಲ್ಲ. ಸ್ಪ್ರಿಂಟರ್ ಮಾರ್ಸೆಲ್ ಕಿಟ್ಟೆಲ್ 2017ರಲ್ಲಿ ಕ್ವಿಕ್-ಸ್ಟೆಪ್ ತಂಡದಲ್ಲಿದ್ದಾಗ ಒಂದೇ ಟೂರ್‌ನಲ್ಲಿ ಐದು ಹಂತ ಗೆದ್ದರು. ಮರುವರ್ಷ ಕಟ್ಯೂಷಾ-ಆಲ್ಪೆಸಿನ್ ಸೇರಿದರು, ವರ್ಷವಿಡೀ ಎರಡು ಗೆಲುವು ಬಂದವು. 2019ರಲ್ಲಿ ರೇಸಿಂಗ್ ಅನ್ನೇ ಬಿಟ್ಟರು. ಇದರ ತಿರುಗುಮುರುಗು ಕಥೆ ಕ್ಯಾವೆಂಡಿಶ್ ಅವರದು. 2020ರಲ್ಲಿ ಅವರಿಗೆ ಒಂದು ಗೆಲುವೂ ಇರಲಿಲ್ಲ. 2021ರಲ್ಲಿ ಡೆಕ್ಯೂನಿಂಕ್-ಕ್ವಿಕ್-ಸ್ಟೆಪ್‌ಗೆ ಬಂದರು, ಅದೇ ತಂಡದ ಸ್ಪ್ರಿಂಟರ್ ಸ್ಯಾಮ್ ಬೆನೆಟ್ ಅವರ ಮೊಣಕಾಲು ನೋವಿನಿಂದಾಗಿ ಟೂರ್‌ನಲ್ಲಿ ಜಾಗ ಸಿಕ್ಕಿತು, ಲೀಡ್-ಔಟ್ ಸವಾರ ಮೈಕಲ್ ಮೋರ್ಕೋವ್ ಅವರ ಹಿಂದೆ ಕುಳಿತು ನಾಲ್ಕು ಹಂತ ಗೆದ್ದರು, ಟೂರ್‌ನಲ್ಲಿ 34 ಹಂತ ಗೆದ್ದ ಎಡ್ಡಿ ಮರ್ಕ್ಸ್ ಅವರ ದಾಖಲೆಯನ್ನು ಸರಿಗಟ್ಟಿದರು. ಮೂರು ವರ್ಷಗಳ ನಂತರ ಆ ದಾಖಲೆಯನ್ನು ಮುರಿಯಲು ಹೊರಟಾಗ ಅಸ್ತಾನ ತಂಡ ಅದೇ ಮೋರ್ಕೋವ್ ಅವರನ್ನು ಕರೆತಂದಿತು. 2024ರ ಜುಲೈ 3ರಂದು ಸೇಂಟ್-ವುಲ್ಬಾದಲ್ಲಿ 35ನೆಯದು ಬಂತು. ಸೈಕ್ಲಿಂಗ್ ಇರುವವರೆಗೂ ಉಳಿಯುವ ಗೆಲುವು ಅದು. ನೋಡುತ್ತಾ ನನ್ನ ಕಣ್ಣು ತುಂಬಿತ್ತು.

ಆದರೆ ಅಸ್ತಾನದ ಅದೇ ವರ್ಷವನ್ನು ಅಂಕಗಳ ಕಡೆಯಿಂದಲೂ ನೋಡಬೇಕು. ಉನ್ನತ ದರ್ಜೆಯಾದ ವರ್ಲ್ಡ್‌ಟೂರ್‌ನಲ್ಲಿ ಉಳಿಯಲು ತಂಡಗಳು ಮೂರು ವರ್ಷಗಳ ಅಂಕಗಳನ್ನು ಕೂಡಿಸಿ ಮೊದಲ ಹದಿನೆಂಟರೊಳಗೆ ಇರಬೇಕು. 2022ರ ಕೊನೆಗೆ ಲೊಟ್ಟೊ ಮತ್ತು ಇಸ್ರೇಲ್ ತಂಡಗಳು ಹೀಗೆ ಕೆಳಗಿಳಿದವು. ಆ ಸುತ್ತಿನಲ್ಲಿ ಟೂರ್‌ನ ಒಂದು ಹಂತದ ಗೆಲುವಿಗೆ 120 ಅಂಕ. ಕೆಳದರ್ಜೆಯ ಒಂದು ದಿನದ ರೇಸ್ ಗೆದ್ದರೆ 125. ಆಮೇಲೆ ಟೂರ್ ಹಂತಕ್ಕೆ 210 ಎಂದು ತಿದ್ದಿದರು, ಅದು ಸರಿಯಾದ ತೀರ್ಮಾನ. ಜೊತೆಗೇ ಇನ್ನೊಂದು ಬದಲಾವಣೆ ಬಂತು: ಪ್ರತಿ ತಂಡದ ಹತ್ತು ಜನರ ಬದಲು ಇಪ್ಪತ್ತು ಜನರ ಅಂಕ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಸ್ಪ್ರಿಂಟರ್‌ನ ನಿಜವಾದ ಬೆಲೆ ಕಾಣುತ್ತದೆ. ಇನ್ನೂರು ಮೀಟರ್ ಬಾಕಿ ಇರುವಾಗ ಕೆಲಸ ಮುಗಿಸಿ ಪಕ್ಕಕ್ಕೆ ಸರಿಯುವ ಲೀಡ್-ಔಟ್ ಸವಾರನಿಗೆ ಆ ದಿನ ಅಂಕವಿಲ್ಲ. ಅವನ ಮುಂದಿನವನಿಗೂ ಇಲ್ಲ. ಕ್ಯಾವೆಂಡಿಶ್ ಗೆದ್ದ ವರ್ಷ ಅಸ್ತಾನ ಅಂಕಪಟ್ಟಿಯಲ್ಲಿ ಅಪಾಯದ ವಲಯದಲ್ಲಿತ್ತು. 2025ರಲ್ಲಿ ಅದನ್ನು ಉಳಿಸಿದ್ದು ಸಣ್ಣ ದೊಡ್ಡ ರೇಸ್‌ಗಳಲ್ಲೆಲ್ಲ ಅಂಕ ಕೂಡಿಸಿದ ಹಲವು ಸವಾರರು. ತಾರೆಗಾಗಿ ಎಳೆಯಬೇಕಾದ ನಮ್ಮ ಮೂವರು ಬೇರೆಡೆ ತಮಗಾಗಿ ಸ್ಪರ್ಧಿಸಿದರೆ ತರಬಹುದಾದ ಅಂಕವನ್ನು ನಾನು ಲೆಕ್ಕ ಹಾಕಿದೆ. ತಾರೆ ತರುವುದರಿಂದ ಅದನ್ನು ಕಳೆದೆ. ಉಳಿದದ್ದು ವ್ಯವಸ್ಥಾಪಕರು ನಿರೀಕ್ಷಿಸಿದಷ್ಟು ಇರಲಿಲ್ಲ.

ಪರ್ವತದ ದಿನಗಳದ್ದು ಚಿಕ್ಕ ಮಾತು. ಗೆದ್ದವನ ಸಮಯಕ್ಕಿಂತ ಇಂತಿಷ್ಟು ಶೇಕಡಾದೊಳಗೆ ಮುಗಿಸದವನು ರೇಸಿನಿಂದ ಹೊರಗೆ. 2018ರಲ್ಲಿ ಲಾ ರೋಸಿಯೇರ್ ಹಂತದಲ್ಲಿ ಕ್ಯಾವೆಂಡಿಶ್ ಮತ್ತು ಕಿಟ್ಟೆಲ್ ಇಬ್ಬರೂ ಒಂದೇ ದಿನ ಹೀಗೆ ಹೋದರು. ಮರುದಿನ ಆಲ್ಪ್ ಡಿ ಹುಯೆಜ್‌ನತ್ತ ಸಾಗುವ ಹಂತದಲ್ಲಿ ಗ್ರೈಪೆಲ್, ಗವಿರಿಯಾ, ಗ್ರೋನೆವೆಗೆನ್ ಎಂಬ ಮೂವರು ಸ್ಪ್ರಿಂಟರ್‌ಗಳೂ ರೇಸ್ ಬಿಟ್ಟು ಸೈಕಲ್‌ನಿಂದ ಇಳಿದರು. ಇದನ್ನು ತಪ್ಪಿಸಲು ಒಬ್ಬನಾದರೂ ಹಿಂದೆ ಉಳಿದು ಸ್ಪ್ರಿಂಟರ್‌ನನ್ನು ಏರು ಹತ್ತಿಸಿಕೊಂಡು ಬರಬೇಕು. ಅದೇ ಹೊತ್ತಿಗೆ ಮುಂದೆ ನಮ್ಮ ನಾಯಕನಿಗೂ ಒಬ್ಬ ಬೇಕಾಗಿರುತ್ತದೆ.

ಇನ್ನು ಮನುಷ್ಯನ ವಿಷಯ. ಆತನೊಂದಿಗೆ ಹಿಂದೆ ಕೆಲಸ ಮಾಡಿದ ಮೆಕ್ಯಾನಿಕ್‌ಗಳು ಮತ್ತು ಮಾಲೀಶು ಮಾಡುವವರನ್ನು ಮಾತನಾಡಿಸಿದೆ. ಸೋತ ಸಂಜೆ ಆತ ಬಸ್ಸಿಗೆ ಬಂದಾಗ ಮೊದಲು ಏನು ಮಾಡುತ್ತಾನೆ ಎಂಬ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದೆ. ಎಲ್ಲರ ಉತ್ತರವೂ ಒಂದೇ ಆಗಿತ್ತು: ಎಳೆದುಕೊಟ್ಟ ಪ್ರತಿಯೊಬ್ಬನ ಬಳಿಗೂ ಹೋಗಿ ಕೈ ಕುಲುಕುತ್ತಾನೆ. ನನಗೆ ಆತನ ಮೇಲೆ ಗೌರವ ಹುಟ್ಟಿದ್ದು ಅಲ್ಲಿ. ಒಳ್ಳೆಯ ಸ್ಪ್ರಿಂಟರ್‌ಗೆ ಹಟ ಬೇಕು, ಆ ಹಟವನ್ನು ಜೊತೆಗಾರರು ಸಹಿಸಬೇಕಾದರೆ ಈ ಋಣಪ್ರಜ್ಞೆ ಬೇಕೇ ಬೇಕು. ಬಿದ್ದು ಗಾಯಗೊಂಡ ನಂತರದ ರೇಸ್‌ಗಳನ್ನೂ ನೋಡಿದೆ. ಇಕ್ಕಟ್ಟಿನಲ್ಲಿ ನುಗ್ಗುವ ಧೈರ್ಯ ಕುಂದಿರಲಿಲ್ಲ.

ಏಜೆಂಟರೊಂದಿಗೆ ಮಾತುಕತೆಗೆ ಕುಳಿತಾಗ ಸಂಬಳ ದೊಡ್ಡ ತೊಡಕಾಗಲಿಲ್ಲ. ಮೂರು ವರ್ಷದ ಒಪ್ಪಂದ, ಪ್ರತಿ ವರ್ಷವೂ ಟೂರ್‌ನಲ್ಲಿ ಜಾಗ ಖಚಿತ ಎಂದು ಬರೆದುಕೊಡಬೇಕು ಎಂದರು. ನಾನು ಆ ವಾಕ್ಯದ ಮೇಲೆ ಬೆರಳಿಟ್ಟು ವ್ಯವಸ್ಥಾಪಕರಿಗೆ ಹೇಳಿದೆ: ಉಳಿದದ್ದೆಲ್ಲಕ್ಕೂ ಒಪ್ಪಿ, ಇದಕ್ಕೆ ಬೇಡ. ಟೂರ್‌ನ ಇಪ್ಪತ್ತೊಂದು ಹಂತಗಳಲ್ಲಿ ಗುಂಪಿನ ಸ್ಪ್ರಿಂಟ್‌ಗೆ ಸಿಗುವವು ಆರೇಳಿದ್ದರೆ ಹೆಚ್ಚು. ಮಾರ್ಗ ಪ್ರಕಟವಾಗುವುದು ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ. ಮೂರನೆಯ ವರ್ಷದ ಮಾರ್ಗವನ್ನು ಕಣ್ಣಿನಿಂದ ನೋಡದೆ, ನಮ್ಮ ನಾಯಕ ಆಗ ಹೇಗಿರುತ್ತಾನೆಂದು ತಿಳಿಯದೆ, ಎಂಟರಲ್ಲಿ ನಾಲ್ಕು ಜಾಗವನ್ನು ಈಗಲೇ ಬರೆದುಕೊಡುವುದು ತಂಡಕ್ಕೆ ಅನ್ಯಾಯ. ಜಾಗವನ್ನು ಪ್ರತಿ ವಸಂತದ ಫಲಿತಾಂಶ ನೋಡಿ ನಿರ್ಧರಿಸೋಣ ಎಂಬ ನಮ್ಮ ಪ್ರಸ್ತಾಪವನ್ನು ಅವರು ಒಪ್ಪಲಿಲ್ಲ. ಆತನ ನೆಲೆಯಿಂದ ನೋಡಿದರೆ ಅದು ಸಹಜ. ಸ್ಪ್ರಿಂಟರ್‌ನ ಉತ್ತಮ ವರ್ಷಗಳು ಕೆಲವೇ, ಅವನ್ನು ಟೂರ್ ನಡೆಯುವಾಗ ಮನೆಯಲ್ಲಿ ಕುಳಿತು ಕಳೆಯಲು ಯಾರು ಒಪ್ಪುತ್ತಾರೆ?

ಪ್ರಾಯೋಜಕರಿಗೆ ವಿವರಿಸುವುದು ಕಷ್ಟವಾಯಿತು, ಮತ್ತು ಅವರ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗೆದ್ದ ಸ್ಪ್ರಿಂಟರ್ ಎರಡೂ ಕೈ ಎತ್ತಿ ಗೆರೆ ದಾಟುವ ಚಿತ್ರದಲ್ಲಿ ಎದೆಯ ಮೇಲಿನ ಹೆಸರು ಇಡೀ ಜಗತ್ತಿಗೆ ಕಾಣುತ್ತದೆ. ಒಟ್ಟಾರೆ ಪಟ್ಟಿಯ ಐದನೆಯ ಸ್ಥಾನಕ್ಕೆ ಅಂಥ ಚಿತ್ರವಿಲ್ಲ. ಟೂರ್‌ಗೆ ನಾಯಕನೇ ಇಲ್ಲದ ತಂಡದ ಪ್ರಾಯೋಜಕರು ಇದನ್ನೇ ಹೇಳಿದ್ದರೆ ನಾನು ತಲೆಯಾಡಿಸುತ್ತಿದ್ದೆ.

ನಾವು ಕೊನೆಗೆ ತಾರೆಯನ್ನು ಬಿಟ್ಟು, ಆತನ ಮುಂದೆ ಎಳೆಯುತ್ತಿದ್ದ ಆ ಲೀಡ್-ಔಟ್ ಸವಾರನನ್ನು ಕರೆತಂದೆವು. ಅವನ ಒಪ್ಪಂದವೂ ಮುಗಿಯುತ್ತಿತ್ತು, ಅವನನ್ನು ಯಾರೂ ಕೇಳಿರಲಿಲ್ಲ. ನಮ್ಮಲ್ಲೇ ಇದ್ದ ಕಿರಿಯ ಸ್ಪ್ರಿಂಟರ್‌ನ ಜೊತೆ ಅವನನ್ನು ಸಣ್ಣ ರೇಸ್‌ಗಳಿಗೆ ಕಳುಹಿಸಿದೆವು. ಮೊದಲ ತಿಂಗಳುಗಳಲ್ಲಿ ಹುಡುಗ ಅವನ ಚಕ್ರ ಬಿಟ್ಟು ಬೇರೆ ಚಕ್ರ ಹಿಡಿಯುತ್ತಿದ್ದ. ರೇಸ್ ಮುಗಿದ ಮೇಲೆ ಇಬ್ಬರನ್ನೂ ಬಸ್ಸಿನಲ್ಲಿ ಕೂರಿಸಿ ಹೆಲಿಕಾಪ್ಟರಿನ ದೃಶ್ಯ ತೋರಿಸುತ್ತಿದ್ದೆ. ಬೇಸಿಗೆಯ ಹೊತ್ತಿಗೆ ಗೆಲುವುಗಳು ಬರತೊಡಗಿದವು. ಟೂರ್‌ಗೆ ಅವರಿಬ್ಬರನ್ನೂ ಕರೆದೊಯ್ಯಲಿಲ್ಲ, ಎಂಟೂ ಜಾಗ ನಾಯಕನ ಸುತ್ತಲೇ ಉಳಿದವು. ತಾರೆ ಇನ್ನೊಂದು ತಂಡ ಸೇರಿದ. ಅಲ್ಲಿ ಒಟ್ಟಾರೆ ಪಟ್ಟಿಯ ಆಸೆ ಯಾರಿಗೂ ಇರಲಿಲ್ಲ, ಟೂರ್‌ಗೆ ಬಂದವರೆಲ್ಲ ಅವನಿಗಾಗಿಯೇ ಎಳೆದರು. ಅವನು ಗೆದ್ದ. ಗೆದ್ದ ದಿನ ನಮ್ಮ ವ್ಯವಸ್ಥಾಪಕರು ದೂರವಾಣಿಯಲ್ಲಿ, ಈಗ ಏನು ಹೇಳುತ್ತೀರಿ ಎಂದು ಕೇಳಿದರು. ಆ ತಂಡದವರು ಕೇಳಿದ್ದರೆ ಸೇರಿಸಿಕೊಳ್ಳಿ ಎಂದೇ ಹೇಳುತ್ತಿದ್ದೆ ಎಂದೆ.