ಉಬ್ಬರ ನೋಡಿ ಗಾಡಿ ತೆಗೆ

ಸ್ಪೇನಿನ ಬಿಲ್ಬಾವ್ ವಿಮಾನ ನಿಲ್ದಾಣದ ಪಾರ್ಕಿಂಗ್ ದಾಟಿ ಹೆದ್ದಾರಿಗೆ ಬರುವಷ್ಟರಲ್ಲಿ ನಾನು ನಾಲ್ಕು ಸಲ ವೈಪರ್ ಹಾಕಿದ್ದೆ. ಮಳೆ ಇರಲಿಲ್ಲ. ನಮ್ಮ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಸ್ಟಿಯರಿಂಗ್‌ನ ಬಲಕ್ಕೆ, ಅಲ್ಲಿ ಎಡಕ್ಕೆ. ತಿರುವು ಬಂದಾಗಲೆಲ್ಲ ಇಪ್ಪತ್ತು ವರ್ಷದ ಅಭ್ಯಾಸ ಬಲಗೈಯಲ್ಲಿ ಎದ್ದು ಕೂರುತ್ತಿತ್ತು, ಒಣ ಗಾಜಿನ ಮೇಲೆ ವೈಪರ್ ಕಿರ್ರೆನ್ನುತ್ತಿತ್ತು. ಪಕ್ಕದಲ್ಲಿ ಮ್ಯಾಪ್ ಹಿಡಿದು ಕೂತಿದ್ದ ಇವರು ಮೊದಲೆರಡು ಸಲ ನಕ್ಕರು. ಮೂರನೆಯ ಸಲಕ್ಕೆ ಸೀಟ್‌ಬೆಲ್ಟ್ ಇನ್ನೊಮ್ಮೆ ಎಳೆದು ನೋಡಿಕೊಂಡರು.

ನಮ್ಮ ಮನೆಯಲ್ಲಿ ಗಾಡಿ ಓಡಿಸುವವಳು ನಾನೇ. ಇವರಿಗೆ ಲೈಸೆನ್ಸ್ ಇದೆ, ಧೈರ್ಯ ಇಲ್ಲ. 2025ರ ಜೂನ್‌ನಲ್ಲಿ ಇವರಿಗೆ ಬಿಲ್ಬಾವ್‌ನಲ್ಲಿ ಮೂರು ದಿನದ ಆಫೀಸ್ ಕೆಲಸ ಬಿತ್ತು. ಅದರ ಬಾಲಕ್ಕೆ ಐದು ದಿನದ ರಜೆ ಕಟ್ಟಿ ನಾನೂ ಹೊರಟೆ. ಇವರು ಎಕ್ಸೆಲ್ ಹಾಳೆಯಲ್ಲಿ ಬರೆದ ಮೊದಲ ಪ್ಲಾನ್ ಪ್ರಕಾರ ನಾವು ಉತ್ತರ ಕರಾವಳಿಯನ್ನು ಉದ್ದಕ್ಕೆ ಸೀಳಿಕೊಂಡು ಗಲೀಸಿಯಾದ ಸಾಂತಿಯಾಗೊವರೆಗೆ ಹೋಗಿ ಬರಬೇಕಿತ್ತು. ಒಂದು ಕಡೆಗೇ ಐನೂರು ಕಿಲೋಮೀಟರಿಗೆ ಮೇಲೆ. ಓಡಿಸುವವಳು ನಾನಾದ್ದರಿಂದ ಪೆನ್ಸಿಲ್ ನನ್ನ ಕೈಲೇ ಇತ್ತು. ಹೊಡೆದು ಹೊಡೆದು ಕೊನೆಗೆ ಉಳಿದದ್ದು ಅಸ್ತೂರಿಯಾಸ್ ಪ್ರಾಂತ್ಯದ ಪೂರ್ವ ತುದಿಯಲ್ಲಿ, ಯಾನೆಸ್ ಮತ್ತು ರಿಬದೆಸೆಯಾ ಎಂಬ ಎರಡು ಊರುಗಳ ನಡುವಿನ ಮೂವತ್ತು ಕಿಲೋಮೀಟರ್ ಚಿಲ್ಲರೆ. ನಾಲ್ಕು ರಾತ್ರಿಯೂ ಯಾನೆಸ್ ಹತ್ತಿರದ ಹಳ್ಳಿಯ ಒಂದೇ ಬಾಡಿಗೆ ಮನೆ. "ಇಷ್ಟಕ್ಕೆ ಕಾರ್ ಯಾಕೆ, ಸೈಕಲ್ ಸಾಕಲ್ಲ ಮಾರಾಯ್ತಿ" ಅಂದರು ಇವರು.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ನಮ್ಮ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಬೇಕು. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅದರ ಜೊತೆಗೆ ಮೂಲ ಲೈಸೆನ್ಸ್ ಕಾರ್ಡೂ ಕೈಲಿರಬೇಕು, ಒಂದಿದ್ದು ಇನ್ನೊಂದಿಲ್ಲದಿದ್ದರೆ ಉಪಯೋಗವಿಲ್ಲ. ಕಾರ್ ಬಾಡಿಗೆಯ ಕೌಂಟರಿನಲ್ಲಿ ಠೇವಣಿ ಹಿಡಿಯಲು ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಅದೂ ಓಡಿಸುವವರ ಹೆಸರಿನದ್ದೇ. ಬುಕಿಂಗ್ ಇವರ ಹೆಸರಿನಲ್ಲಿ, ಕಾರ್ಡ್ ಇವರದು, ಡ್ರೈವರ್ ನಾನು. ಈ ಗೋಜಲು ಬಿಡಿಸಲು ಮುಕ್ಕಾಲು ಗಂಟೆ ಹೋಯಿತು. ಕೀಲಿ ಕೈಗೆ ಬಂದಮೇಲೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ವಿಡಿಯೊ ಮಾಡಿಕೊಂಡೆ. ಬಂಪರಿನ ಕೆಳಗೆ ಮೊದಲೇ ಒಂದು ಗೀರು ಇತ್ತು, ಅವರ ಹಾಳೆಯಲ್ಲಿ ಅದು ಇರಲಿಲ್ಲ. ಬರೆಸಿದೆ.

ಬಲಬದಿಯಲ್ಲಿ ಓಡಿಸುವುದು ಹೇಗೆ ಅಂತ ಹೊರಡುವ ಮೊದಲು ನನಗೆ ಹತ್ತು ಜನ ಹತ್ತು ರೀತಿ ಹೇಳಿದ್ದರು. ಉಪಯೋಗಕ್ಕೆ ಬಂದದ್ದು ನಾನೇ ಕಂಡುಕೊಂಡ ಒಂದೇ ಸೂತ್ರ: ರಸ್ತೆಯ ನಡುಗೆರೆ ಯಾವಾಗಲೂ ನನ್ನ ಭುಜದ ಕಡೆ ಇರಬೇಕು, ಪಕ್ಕ ಕೂತವರ ಕಡೆಗಲ್ಲ. ಮೈಸೂರಿನಲ್ಲೂ ಅದೇ, ಅಲ್ಲೂ ಅದೇ. ಎಡ-ಬಲ ಮರೆತರೂ ಇದು ಮರೆಯುವುದಿಲ್ಲ. ವೃತ್ತಗಳಲ್ಲಿ ಒಳಗಿರುವವರಿಗೇ ಮೊದಲ ದಾರಿ, ಕಾದು ನುಗ್ಗಬೇಕು. ನಿಜವಾದ ಅಪಾಯ ದಟ್ಟಣೆಯಲ್ಲಿಲ್ಲ. ಮುಂದಿನ ಗಾಡಿಯ ಹಿಂದೆ ಹೋದರಾಯಿತು. ಬೆಳಿಗ್ಗೆ ಎದ್ದು, ಯಾರೂ ಇಲ್ಲದ ಹಳ್ಳಿಯ ಅಂಗಳದಿಂದ ಖಾಲಿ ರಸ್ತೆಗೆ ಇಳಿಯುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಎರಡನೆಯ ದಿನ ಹಾಗೇ ಆಗಿ, ಎದುರಿಗೆ ಬಂದ ಟ್ರ್ಯಾಕ್ಟರಿನವನು ನಿಲ್ಲಿಸಿ, ಬೈಯದೆ, ಕೈಯನ್ನು ಆ ಕಡೆಯಿಂದ ಈ ಕಡೆಗೆ ನಿಧಾನ ಬೀಸಿ ತೋರಿಸಿದ. ಅಂದಿನಿಂದ ಕೀಲಿ ತಿರುಗಿಸುವ ಮೊದಲು "ಬಲ" ಅಂತ ಗಟ್ಟಿಯಾಗಿ ಹೇಳುವುದು ಇವರ ಡ್ಯೂಟಿ.

ಪೆಟ್ರೋಲ್ ಬಂಕಿನಲ್ಲಿ ಇನ್ನೊಂದು ಗುಂಡಿ ಕಾದಿರುತ್ತದೆ. ಸ್ಪ್ಯಾನಿಷಿನಲ್ಲಿ ಪೆಟ್ರೋಲಿಗೆ ಗಾಸೊಲಿನಾ, ಡೀಸೆಲ್ಲಿಗೆ ಗಾಸೋಲಿಯೊ. ಬಾಡಿಗೆ ಕಾರಿನ ಮುಚ್ಚಳದೊಳಗೆ ದುಂಡು ಗುರುತಿನಲ್ಲಿ ಇ5 ಅಂತ ಇದ್ದರೆ ಪೆಟ್ರೋಲ್, ಚೌಕದಲ್ಲಿ ಬಿ7 ಅಂತ ಇದ್ದರೆ ಡೀಸೆಲ್. ಪಂಪಿನ ಮೇಲೂ ಅದೇ ಗುರುತು. ನಾನು ಹೆಸರು ಓದುವುದನ್ನು ಬಿಟ್ಟು ಆಕಾರ ಹೊಂದಿಸಿದೆ.

ಬಿಲ್ಬಾವ್‌ನಿಂದ ಪಶ್ಚಿಮಕ್ಕೆ ಎ-8 ಹೆದ್ದಾರಿ, ಬಲಕ್ಕೆ ಆಗಾಗ ಕಡಲು ಇಣುಕುತ್ತದೆ, ಟೋಲ್ ಕಟ್ಟಬೇಕಾಗಲಿಲ್ಲ. ಸ್ಪೇನ್ ಅಂದರೆ ಸುಡು ಬಿಸಿಲು, ಒಣ ಗುಡ್ಡ ಅಂದುಕೊಂಡವರಿಗೆ ಈ ಕಡೆ ಆಶ್ಚರ್ಯ ಕಾದಿದೆ. ಗುಡ್ಡಗಳೆಲ್ಲ ಹಸಿರು. ಸಾಗರದ ಕಡೆಯವಳಾದ ನಾನು ಹಿಗ್ಗುವ ಹೊತ್ತಿಗೆ ಇವರು "ಸರಿಯಾಗಿ ನೋಡು, ನೀಲಗಿರಿ" ಅಂದರು. ಹೌದು, ಕಾಗದದ ತಿರುಳಿಗಾಗಿ ಬೆಳೆಸಿದ ನೀಲಗಿರಿ ತೋಪು, ಮೈಲಿಗಟ್ಟಲೆ. ನಮ್ಮಲ್ಲಿ ನೆಟ್ಟು ಬೈದುಕೊಂಡಂತೆ ಅವರೂ ಬೈದುಕೊಳ್ಳುತ್ತಾರಂತೆ.

ದಾರಿಯಲ್ಲಿ ನಿಂತದ್ದು ಸಾಂತಿಯಾನಾ ದೆಲ್ ಮಾರ್‌ನಲ್ಲಿ. ಹೆಸರಿನಲ್ಲೇ ಮೂರು ಸುಳ್ಳಿನ ಊರು ಅದು: ಸಂತನೂ ಅಲ್ಲ, ಸಮತಟ್ಟೂ ಅಲ್ಲ, ಕಡಲೂ ಇಲ್ಲ ಅಂತ ಅವರೇ ತಮಾಷೆ ಮಾಡುತ್ತಾರೆ. ನಾವು ನಿಂತದ್ದು ಊರಿಗಲ್ಲ, ಪಕ್ಕದ ಅಲ್ತಮೀರಾ ಗುಹೆಗೆ. ಮೂಲ ಗುಹೆಯನ್ನು 2002ರಲ್ಲಿ ಸಾರ್ವಜನಿಕರಿಗೆ ಮುಚ್ಚಿದರು, ಚಿತ್ರ ಹಾಳಾಗುತ್ತದೆಂದು. ಪಕ್ಕದ ಮ್ಯೂಸಿಯಂನಲ್ಲಿ 2001ರಲ್ಲಿ ತೆರೆದ ಪ್ರತಿಕೃತಿ ಇದೆ. ನಕಲು ನೋಡಲು ಇಷ್ಟು ದೂರವೇ ಅಂತ ಮೂಗು ಮುರಿಯುವವರಿಗೆ ನನ್ನ ಮಾತು: ಬನ್ನಿ, ಕತ್ತೆತ್ತಿ ನೋಡಿ. ಬಂಡೆ ಎಲ್ಲಿ ಉಬ್ಬಿದೆಯೋ ಅಲ್ಲಿ ಕಾಡೆಮ್ಮೆಯ ಹೊಟ್ಟೆ, ಹೆಗಲು. ಅದು ಫೋಟೊದಲ್ಲಿ ಕಾಣುವುದಿಲ್ಲ. 1879ರಲ್ಲಿ ಸೌತುವೊಲಾ ಎಂಬ ಅಲ್ಲಿಯ ಜಮೀನ್ದಾರ ನೆಲ ಅಗೆಯುತ್ತಿದ್ದಾಗ, ಜೊತೆಗೆ ಬಂದಿದ್ದ ಎಂಟು ವರ್ಷದ ಮಗಳು ಮರಿಯಾ ಮೇಲೆ ನೋಡಿ ಈ ಚಿತ್ರಗಳನ್ನು ಕಂಡಳು. ಪಂಡಿತರು ನಂಬಲಿಲ್ಲ. ಇತ್ತೀಚೆಗೆ ಯಾರೋ ಬರೆದದ್ದು ಅಂದರು. ಫ್ರಾನ್ಸಿನ ಕಾರ್ತೈಯಾಕ್ ಎಂಬ ವಿದ್ವಾಂಸ ತಪ್ಪೊಪ್ಪಿಕೊಂಡು ಬರೆಯುವ ಹೊತ್ತಿಗೆ 1902. ಸೌತುವೊಲಾ ಸತ್ತು ಹದಿನಾಲ್ಕು ವರ್ಷವಾಗಿತ್ತು. ಈ ಕಥೆ ಓದುತ್ತ ನಾನು ಅಲ್ಲೇ ನಿಂತುಬಿಟ್ಟೆ, ಇವರು ಎಕ್ಸೆಲ್ ಹಾಳೆ ತೋರಿಸಿ ಎಬ್ಬಿಸಿದರು.

ದೇವಾ ನದಿ ದಾಟಿದರೆ ಅಸ್ತೂರಿಯಾಸ್. ದಾಟಿದ ಕೂಡಲೇ ಸಿಗುವ ಕೊಲೊಂಬ್ರೆಸ್‌ನಲ್ಲಿ ಕಣ್ಣು ಕುಕ್ಕುವ ನೀಲಿ ಬಂಗಲೆ, 1906ರದು, ಮೆಕ್ಸಿಕೊಗೆ ಹೋಗಿ ದುಡ್ಡು ಮಾಡಿದ ಇಲ್ಲಿಯವನೊಬ್ಬ ಕಟ್ಟಿಸಿದ್ದು. ಕ್ಯೂಬಾ, ಮೆಕ್ಸಿಕೊಗೆ ದುಡಿಯಲು ಹೋಗಿ ಬಂದವರನ್ನು ಇಲ್ಲಿ ಇಂದಿಯಾನೊಗಳು ಅನ್ನುತ್ತಾರೆ. ಮನೆ ಮುಂದೆ ತಾಳೆ ಮರ ಇದ್ದರೆ ಇಂದಿಯಾನೊ ಮನೆ ಎಂದೇ ಲೆಕ್ಕ. ಭಟ್ಕಳ, ಉಡುಪಿಯ ಕಡೆ ಹೆಂಚಿನ ಮನೆಗಳ ನಡುವೆ ಎದ್ದ ಗಲ್ಫ್ ದುಡ್ಡಿನ ಮನೆಗಳನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನನಗೆ ಅದಕ್ಕಿಂತ ಇಷ್ಟವಾದದ್ದು ಹಳ್ಳಿ ಮನೆಗಳ ಪಕ್ಕದ ಓರಿಯೊ. ನಾಲ್ಕು ಕಂಬದ ಮೇಲೆ ನಿಂತ ಮರದ ಪಣತ. ಪ್ರತಿ ಕಂಬದ ತಲೆಯ ಮೇಲೂ ಒಂದು ಅಗಲವಾದ ಚಪ್ಪಟೆ ಕಲ್ಲು, ಇಲಿ ಹತ್ತಿದರೂ ಆ ಕಲ್ಲಿನ ಅಡಿಯಲ್ಲಿ ತಲೆಕೆಳಗಾಗಿ ನಡೆಯಲಾರದೆ ಬೀಳುತ್ತದೆ. ನಮ್ಮಜ್ಜನಿಗೆ ತೋರಿಸಬೇಕಿತ್ತು.

ಈಗ ಗುಲ್ಪಿಯೂರಿ. ನಾವು ಈ ಕರಾವಳಿ ಆರಿಸಿದ್ದೇ ಇದಕ್ಕಾಗಿ. ಹುಲ್ಲುಗಾವಲಿನ ನಡುವೆ ಒಂದು ಸಮುದ್ರ ತೀರ: ಕಡಲು ಕಾಣಿಸುವುದಿಲ್ಲ, ಸುಮಾರು ನೂರು ಮೀಟರ್ ಆಚೆ ಬಂಡೆಯ ಹಿಂದಿದೆ. ಸುಣ್ಣಕಲ್ಲಿನ ಬಂಡೆಯಡಿಯ ಗುಹೆಗಳಲ್ಲಿ ನೀರು ನುಗ್ಗಿ ಬಂದು ಈ ಪುಟ್ಟ ಮರಳಿನ ಗುಳಿಯಲ್ಲಿ ಅಲೆಯಾಗಿ ಒಡೆಯುತ್ತದೆ. ಎರಡನೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ, ಸಾನ್ ಅಂತೋಲಿನ್ ಬೀಚಿನ ಬಳಿ ಕಾರ್ ನಿಲ್ಲಿಸಿ, ನಡೆದು ಹನ್ನೊಂದೂವರೆಗೆ ತಲುಪಿದೆವು. ಗುಳಿ ಇತ್ತು. ಮರಳಿತ್ತು. ನಡುವೆ ಒಂದು ಕೊಚ್ಚೆಯಷ್ಟು ನೀರು, ಅದರಲ್ಲಿ ಒಂದು ನಾಯಿ. "ಇದಕ್ಕಿಂತ ನಮ್ಮ ಗದ್ದೆ ಮೇಲು" ಅಂದರು ಇವರು. ನಾನು ಉತ್ತರ ಕೊಡಲಿಲ್ಲ.

ಸಂಜೆ ಮನೆಯೊಡತಿಗೆ ಫೋಟೊ ತೋರಿಸಿದಾಗ ಆಕೆ ಹೊಟ್ಟೆ ಹಿಡಿದು ನಕ್ಕು, ಅಡುಗೆಮನೆಯ ಗೋಡೆಯ ಮೊಳೆಯಿಂದ ಒಂದು ಸಣ್ಣ ಪುಸ್ತಕ ತೆಗೆದು ಕೊಟ್ಟಳು. ಉಬ್ಬರ ಇಳಿತದ ಪಟ್ಟಿ. ಪ್ಲೇಯಮಾರ್ ಅಂದರೆ ತುಂಬಿದ ಕಡಲು, ಬಾಹಮಾರ್ ಅಂದರೆ ಇಳಿದ ಕಡಲು. ಮಲ್ಪೆ, ಮರವಂತೆಯ ಕಡೆ ಎರಡರ ವ್ಯತ್ಯಾಸ ಎರಡು ಮೀಟರ್ ಒಳಗೇ; ಮೀನುಗಾರರಿಗೆ ಬಿಟ್ಟರೆ ಪ್ರವಾಸಿಗೆ ಲೆಕ್ಕಕ್ಕಿಲ್ಲ. ಅಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ನಾಲ್ಕು ಮೀಟರ್ ಮೀರುತ್ತದೆ. ಬೆಳಿಗ್ಗೆ ನೋಡಿದ ತೀರ ಸಂಜೆಗೆ ಇರುವುದೇ ಇಲ್ಲ. ನಾವು ಹೋದದ್ದು ಸರಿಯಾಗಿ ಇಳಿತದ ತಳಕ್ಕೆ. ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಜಾರುತ್ತದೆ ಅಂತ ತಿಳಿದದ್ದೇ ತಡ, ಇವರ ಎಕ್ಸೆಲ್ ಹಾಳೆಗೆ ಮರುಜೀವ ಬಂತು. ಕಿಲೋಮೀಟರಿನ ಕಾಲಂ ಅಳಿಸಿ ಉಬ್ಬರದ ಕಾಲಂ ಹಾಕಿದರು.

ಆಮೇಲೆ ಇನ್ನೊಂದು ಕಾಲಂ ಸೇರಿತು: ಹೋಟೆಲುಗಳ ಅಡುಗೆಮನೆ. ಅಲ್ಲಿ ಮಧ್ಯಾಹ್ನ ಒಂದೂವರೆಗೆ ಮುಂಚೆ ಊಟ ಕೇಳಿದರೆ ಮುಖ ನೋಡುತ್ತಾರೆ, ನಾಲ್ಕರ ಮೇಲೆ ಒಲೆ ಆರಿರುತ್ತದೆ, ಮತ್ತೆ ಹಚ್ಚುವುದು ರಾತ್ರಿ ಎಂಟೂವರೆಗೆ. ಸಸ್ಯಾಹಾರಿಗಳಿಗಂತೂ ಇದು ವ್ರತ. ಮಾಂಸ ಬೇಡ ಅಂದರೆ "ಸರಿ" ಅಂದು ಟ್ಯೂನಾ ಮೀನು ಹಾಕಿದ ಸಲಾಡ್ ತರುತ್ತಾರೆ; ಮೀನು ಅವರ ಲೆಕ್ಕದಲ್ಲಿ ಮಾಂಸವಲ್ಲ. ಹೆಸರಾಂತ ಫಬಾದಾ ನೋಡಲು ನಮ್ಮ ಅವರೆಕಾಳು ಹುಳಿಯ ಬಳಗ, ಒಳಗೆ ಹಂದಿಯ ಮೂರು ಬಗೆ. ನಮ್ಮನ್ನು ಕಾಪಾಡಿದ್ದು ತೋರ್ತೊ: ಜೋಳದ, ಅಂದರೆ ಮೆಕ್ಕೆಜೋಳದ ಹಿಟ್ಟು ತಟ್ಟಿ ಎಣ್ಣೆಯಲ್ಲಿ ಕರಿದ ರೊಟ್ಟಿ. ಮೇಲೆ ಮೊಟ್ಟೆ, ಇಲ್ಲವೇ ಕಬ್ರಾಲೆಸ್ ಎಂಬ ಘಾಟು ಚೀಸ್, ಗುಹೆಗಳಲ್ಲಿಟ್ಟು ನೀಲಿ ಬೂಸಲು ಹಿಡಿಸಿದ್ದು. ಅದಕ್ಕೆ ಹೆಪ್ಪು ಹಾಕುವ ರೆನೆಟ್ ಪ್ರಾಣಿಯ ಹೊಟ್ಟೆಯದು ಅಂತ ಊರಿಗೆ ಬಂದಮೇಲೆ ತಿಳಿಯಿತು. ತಿಂದಾಗಿತ್ತು. ಕೊನೆಗೆ ಅರೊಸ್ ಕೋನ್ ಲೇಚೆ. ಹಾಲಿನಲ್ಲಿ ಗಂಟೆಗಟ್ಟಲೆ ಕುದಿಸಿದ ಅಕ್ಕಿ ಪಾಯಸವೇ. ಮೇಲೆ ಸಕ್ಕರೆ ಉದುರಿಸಿ ಕಾದ ಕಬ್ಬಿಣದಿಂದ ಸುಟ್ಟಿರುತ್ತಾರೆ, ಚಮಚ ತಾಗಿಸಿದರೆ ಹಪ್ಪಳದಂತೆ ಒಡೆಯುತ್ತದೆ. ಏಲಕ್ಕಿ ಮಾತ್ರ ಇಲ್ಲ, ದಾಲ್ಚಿನ್ನಿ. ನಾನು ಎರಡು ಬಟ್ಟಲು ತಿಂದೆ.

ಇವರು ಸಿದ್ರಾ ಕುಡಿದರು, ಸೇಬಿನ ಹುಳಿ ಮದ್ಯ. ಬಡಿಸುವವನು ಬಾಟಲಿಯನ್ನು ತಲೆಯ ಮೇಲೆತ್ತಿ, ಇನ್ನೊಂದು ಕೈಯ ಗ್ಲಾಸನ್ನು ತೊಡೆಯ ಬಳಿ ಹಿಡಿದು, ಎಲ್ಲೋ ನೋಡುತ್ತ ಸುರಿಯುತ್ತಾನೆ. ಎರಡು ಗುಟುಕಿನಷ್ಟು. ನೊರೆ ಇಳಿಯುವ ಮೊದಲು ಕುಡಿದು ಮುಗಿಸಬೇಕು, ಇಟ್ಟುಕೊಂಡು ಹೀರುವ ಹಾಗಿಲ್ಲ. ಈ ಸಂಸ್ಕೃತಿ 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ನಾನು ಡ್ರೈವರ್, ನೆಲಕ್ಕೆ ಚೆಲ್ಲಿದ್ದರ ವಾಸನೆ ನನ್ನ ಪಾಲು.

ಮೂರನೆಯ ದಿನ ಹಳೆಯ ಎಎಸ್-263 ರಸ್ತೆಯಲ್ಲೇ ರಿಬದೆಸೆಯಾಕ್ಕೆ. ಹೆದ್ದಾರಿಯಲ್ಲಿ ಹೋದರೆ ಇಪ್ಪತ್ತೈದು ನಿಮಿಷ. ಇದರಲ್ಲಿ ಎರಡು ಗಂಟೆ, ಯಾಕೆಂದರೆ ನಿಲ್ಲುತ್ತ ಹೋಗುತ್ತೀರಿ. ಅಲ್ಲಿ ತೀತೊ ಬುಸ್ತಿಯೊ ಗುಹೆ, ಇದು ನಕಲಲ್ಲ. ಟಿಕೆಟ್ ಊರಿಂದಲೇ ಬುಕ್ ಮಾಡಿದ್ದೆವು, ಸಣ್ಣ ಗುಂಪಾಗಿ ಮಾತ್ರ ಬಿಡುತ್ತಾರೆ. 1968ರಲ್ಲಿ ಕಂಡುಹಿಡಿದ ಹುಡುಗರಲ್ಲೊಬ್ಬ ಕೆಲವೇ ದಿನಗಳಲ್ಲಿ ಬೆಟ್ಟದಲ್ಲಿ ಬಿದ್ದು ಸತ್ತ. ಅವನ ಹೆಸರೇ ಗುಹೆಗೆ. ಗೈಡಿನ ಸ್ಪ್ಯಾನಿಷ್ ಒಂದಕ್ಷರ ತಿಳಿಯಲಿಲ್ಲ. ಟಾರ್ಚಿನ ಬೆಳಕು ಕುದುರೆಯ ಬೆನ್ನ ಮೇಲೆ ನಿಧಾನ ಜಾರಿದಾಗ ಬೇಕಾಗಲೂ ಇಲ್ಲ. ಸಂಜೆ ಆರೂವರೆಯ ಉಬ್ಬರಕ್ಕೆ ಪ್ರೀಯಾದ ಬುಫೋನ್‌ಗಳ ಬಳಿ ಇದ್ದೆವು. ಬಂಡೆಯ ತೂತುಗಳಿಂದ ಕಡಲು ಕಾರಂಜಿಯಾಗಿ ಚಿಮ್ಮುವ ಜಾಗ. ಜೂನ್‌ನ ಶಾಂತ ಕಡಲಿಗೆ ಚಿಮ್ಮಲಿಲ್ಲ, ಕಾಲಡಿಯಲ್ಲಿ ಉಸಿರಾಡಿತು: ಹುಸ್ಸ್, ಆಮೇಲೆ ಮೌನ, ಮತ್ತೆ ಹುಸ್ಸ್. ಕಡಲು ಎದ್ದ ದಿನ ಆ ತೂತುಗಳ ಹತ್ತಿರ ಹೋಗಬಾರದು.

ಕೊವಾದೊಂಗಾದ ಕೆರೆಗಳಿಗೆ ನಾಲ್ಕನೆಯ ದಿನ ಹೋದೆವು. ಆ ಹೊತ್ತಿನಲ್ಲಿ ಹಗಲು ಸ್ವಂತ ಕಾರನ್ನು ಮೇಲೆ ಬಿಡುವುದಿಲ್ಲ; ಕೆಳಗೆ ನಿಲ್ಲಿಸಿ ಬಸ್ ಹತ್ತಬೇಕು. ಒಳ್ಳೆಯದೇ ಆಯಿತು, ಆ ತಿರುವುಗಳಲ್ಲಿ ಒಮ್ಮೆ ನಾನೂ ಕಿಟಕಿಯಾಚೆ ನೋಡಿದೆ. ಸ್ಪೇನಿನ ಮೊದಲ ರಾಷ್ಟ್ರೀಯ ಉದ್ಯಾನ ಇದು, 1918ರದು. ಮೇಲೆ ಮಂಜು. ಕೆರೆ ಕಾಣಲಿಲ್ಲ, ದನಗಳ ಕೊರಳ ಗಂಟೆ ಕೇಳಿಸಿತು. ಜೊತೆಗೆ ಓರ್ಬಾಯು: ಕೊಡೆ ಬಿಡಿಸಲು ನಾಚಿಕೆಯಾಗುವಷ್ಟು ಸಣ್ಣ, ಬಿಡಿಸದಿದ್ದರೆ ಒಳಂಗಿವರೆಗೆ ತೋಯಿಸುವ ಜಿಟಿಜಿಟಿ ಮಳೆ. ಅದಕ್ಕೊಂದು ಬೇರೆ ಹೆಸರಿಟ್ಟ ಜನ ನನಗೆ ನೆಂಟರಂತೆ ಕಂಡರು.

ಇಳಿದು ಬಂದು, ಏಳು ಗಂಟೆಗೆ ಮತ್ತೆ ಗುಲ್ಪಿಯೂರಿ. ಉಬ್ಬರ ಏಳೂ ಇಪ್ಪತ್ತಕ್ಕೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹತ್ತರ ಹತ್ತಿರ, ಬೆಳಕಿಗೆ ಕೊರತೆಯಿಲ್ಲ. ಗುಳಿ ತುಂಬಿತ್ತು. ಬಂಡೆಯ ಬಾಯಿಂದ ಒಂದು ಅಲೆ ಹೊರಬಂದು, ಮೊಣಕಾಲೆತ್ತರ ಎದ್ದು, ಹುಲ್ಲಿನ ಅಂಚಿನ ಮರಳಿನಲ್ಲಿ ಶಿಸ್ತಾಗಿ ಒಡೆಯಿತು. ಹಿಂದೆ ದನ ಮೇಯುತ್ತಿತ್ತು. ಕಡಲಿನ ಸದ್ದಿದೆ, ಕಡಲಿಲ್ಲ. ಇವರು ಪ್ಯಾಂಟ್ ಮಡಿಸಿ ಇಳಿದು, ಬಾಯಿಗೆ ಒಂದು ಹನಿ ಹಾಕಿಕೊಂಡು, "ಉಪ್ಪೇ" ಅಂದರು.

ಅಡುಗೆಮನೆಗೆ ಇನ್ನೂ ಹೊತ್ತಿತ್ತು. ಕಾರಿನಲ್ಲಿ ಕೂತು ಊರಿಂದ ತಂದ ಅವಲಕ್ಕಿಯ ಕೊನೆಯ ಪೊಟ್ಟಣ ಬಿಚ್ಚಿದೆವು. ಇವರು ಪುಟ್ಟ ಪುಸ್ತಕ ತೆಗೆದು ಬೆರಳಿಟ್ಟು ಓದಿದರು.

"ನಾಳೆ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಇನ್ನೊಂದಿದೆ. ವಿಮಾನ ಮೂರಕ್ಕೆ. ಬಿಲ್ಬಾವ್‌ಗೆ ಎರಡು ಗಂಟೆ."

"ಕಾರು ವಾಪಸ್ ಕೊಡೋದು, ಪೆಟ್ರೋಲ್ ತುಂಬಿಸೋದು?"

"ಹನ್ನೊಂದಕ್ಕೆ ಹೊರಟರೂ ಆಗುತ್ತೆ ಕಣೇ."

ನಾನು ಆರೂವರೆಗೆ ಅಲಾರಂ ಇಟ್ಟೆ.