ಬಾತ್ರೂಮ್ ಲೈಟು, ಹಳೇ ಕಾಲದ ಕೀ, ಎರಡು ಸಲ ತಪ್ಪಿದ ಡೇಟು (ನನ್ನ ಅನುಭವ)

ನಾನು ಧಾರವಾಡದವನು, 2022ರಲ್ಲಿ ಅಮೆರಿಕದ ಮಿಡ್‌ವೆಸ್ಟ್ ಕಡೆ ಒಂದು ಯೂನಿವರ್ಸಿಟಿಗೆ ಪಿಎಚ್‌ಡಿಗೆ ಅಂತ ಬಂದೆ. ಅಲ್ಲೀತನಕ ಯಹೂದಿಗಳ ಬಗ್ಗೆ ನಂಗೆ ಗೊತ್ತಿದ್ದಿದ್ದು ಹೈಸ್ಕೂಲ್ ಪುಸ್ತಕದ ಹಿಟ್ಲರ್ ಪಾಠದಲ್ಲಿ ಬರೋ ನಾಲ್ಕು ಸಾಲು ಅಷ್ಟೆ. ಆಮೇಲೆ ಎರಡು ವರ್ಷ ಹಾಸ್ಟೆಲ್‌ನಲ್ಲಿ ಆರ್‌ಎ ಆಗಿದ್ದೆ, ಅಂದ್ರೆ ನಮ್ಮ ಕಡೆ ವಾರ್ಡನ್ ಮಾಡೋ ಕೆಲಸದಲ್ಲಿ ಅರ್ಧ, ಅಣ್ಣ ಮಾಡೋ ಕೆಲಸದಲ್ಲಿ ಅರ್ಧ, ಅದಕ್ಕೆ ರೂಮು ಊಟ ಫ್ರೀ. ನಮ್ಮ ಫ್ಲೋರಲ್ಲಿ ಐದಾರು ಜನ ಯಹೂದಿ ಹುಡುಗ್ರು ಇದ್ರು. ಅವರಿಗೋಸ್ಕರ ನಾನು ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ ಅಂತ ಬರೀತಿದೀನಿ, ಇಲ್ಲಿಗೆ ಬಂದು ಟಿಎ (ಪ್ರೊಫೆಸರಿಗೆ ಕ್ಲಾಸಲ್ಲಿ ಸಹಾಯ ಮಾಡೋ ಕೆಲಸ) ಆರ್‌ಎ ಆಗೋ ನಮ್ಮೋರಿಗೆ ಉಪಯೋಗ ಆಗ್ಬಹುದು.

ಶುರು ಆಗಿದ್ದೇ ಎಡವಟ್ಟಿಂದ. ಮೊದಲನೇ ಸೆಮಿಸ್ಟರಲ್ಲಿ ಟಿಎ ಆಗಿದ್ದಾಗ ಮಿಡ್‌ಟರ್ಮ್ ಡೇಟ್ ನೀನೇ ನೋಡು ಅಂದ್ರು ಪ್ರೊಫೆಸರು, ನಾನು ಅಕ್ಟೋಬರ್ 5, ಬುಧವಾರ ಅಂತ ಹಾಕ್ದೆ. ಹಾಕಿದ್ಮೇಲೆ ಅಮ್ಮ ಫೋನಲ್ಲಿ ಅವತ್ತು ವಿಜಯದಶಮಿ ಕಣೋ ಅಂದಾಗ ಹೊಟ್ಟೆ ಉರೀತು, ಆದ್ರೆ ಇಲ್ಲಿ ಯಾರಿಗೆ ಹೇಳೋದು ಅಂತ ಸುಮ್ನಾದೆ. ಅಷ್ಟರಲ್ಲಿ ಫಸ್ಟ್ ಇಯರ್ ಹುಡುಗನೊಬ್ಬ ಇಮೇಲ್ ಮಾಡ್ದ, ಅವತ್ತು ಯೋಮ್ ಕಿಪ್ಪೂರ್, ನಂಗೆ ಬರೋಕಾಗಲ್ಲ, ಬೇರೆ ದಿನ ಕೊಡ್ತೀರಾ ಅಂತ. ನಾನು ಬರೆದ ಉತ್ತರ ಈಗ ನೆನೆಸ್ಕೊಂಡ್ರೆ ಮುಖ ಎಲ್ಲಿಟ್ಕೊಳ್ಳೋದು ಗೊತ್ತಾಗಲ್ಲ: ಅವತ್ತು ನಂದೂ ದೊಡ್ಡ ಹಬ್ಬನೇ, ಆದ್ರೂ ನಾನು ಬರ್ತಿದೀನಲ್ಲ!

ಪ್ರೊಫೆಸರಿಗೆ ಗೊತ್ತಾಗಿ ಕರೆದು ಕೂರಿಸಿ ಹೇಳಿದ್ರು. ಅವರ ವರ್ಷದಲ್ಲೇ ದೊಡ್ಡ ದಿನ ಅದು, ಇಪ್ಪತ್ತೈದು ಗಂಟೆ ಅನ್ನ ನೀರು ಎರಡೂ ಇಲ್ಲ, ಬೇರೆ ಎಕ್ಸಾಂ ಕೊಡಲೇಬೇಕು ಅಂತ. ಸರಿ ಅಂತ 10ನೇ ತಾರೀಖು ಸೋಮವಾರ ಕೊಟ್ಟೆ. ಮತ್ತೆ ಇಮೇಲು, ಸಾರಿ, ಅವತ್ತು ಸುಕ್ಕೋತ್ ಅನ್ನೋ ಇನ್ನೊಂದು ಹಬ್ಬ ಅಂತ. ಈ ಹುಡುಗ ಬೇಕಂತ್ಲೇ ಆಟ ಆಡಿಸ್ತಿದಾನಾ ಅನ್ಸಿತು ಒಂದು ಕ್ಷಣ. ಕೊನೆಗೆ 7ನೇ ತಾರೀಖು ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಅಂತ ಆಯ್ತು, ಸಂಜೆ ಹೊತ್ತಿಗೆ ಶಬ್ಬಾತ್ (ಅವರ ವಾರದ ವಿಶ್ರಾಂತಿ ದಿನ) ಶುರು ಆಗೋದ್ರಿಂದ ಅದೂ ಬೆಳಗ್ಗೆನೇ ಬೇಕಿತ್ತು.

ಅವತ್ತು ರಾತ್ರಿ ಅವರ ಕ್ಯಾಲೆಂಡರ್ ತೆಗೆದು ಕೂತೆ ನೋಡಿ, ಅದು ಥೇಟ್ ನಮ್ಮ ಪಂಚಾಂಗ. ತಿಂಗಳು ಚಂದ್ರನ ಲೆಕ್ಕ, 19 ವರ್ಷದಲ್ಲಿ 7 ಸಲ ಅಧಿಕ ಮಾಸ. ಯೋಮ್ ಕಿಪ್ಪೂರ್ ತಿಶ್ರೇ ತಿಂಗಳ ಹತ್ತನೇ ದಿನ, ನಮ್ಮ ವಿಜಯದಶಮಿ ಆಶ್ವಯುಜದ ಹತ್ತನೇ ದಿನ, ಹಾಗಾಗಿ 2022, 2024, 2025 ಮೂರೂ ವರ್ಷ ಎರಡೂ ಒಂದೇ ದಿನ ಬಿದ್ವು. 2023ರಲ್ಲಿ ಮಾತ್ರ ನಮಗೆ ಅಧಿಕ ಶ್ರಾವಣ ಬಂದು ದಸರಾ ಅಕ್ಟೋಬರ್ 24ಕ್ಕೆ ಹೋಯ್ತು, ಅವರದ್ದು ಸೆಪ್ಟೆಂಬರ್ 25ಕ್ಕೇ ಮುಗಿದಿತ್ತು. ಮುಂದೆ ಫೆಬ್ರವರಿ 2024ರಲ್ಲಿ ಅವರ ಅಧಿಕ ಮಾಸ ಬಂದು ಮತ್ತೆ ಜೋಡಿ ಆಯ್ತು. ಒಂದೇ ವ್ಯತ್ಯಾಸ, ಅವರ ದಿನ ಶುರು ಆಗೋದು ಹಿಂದಿನ ಸಂಜೆ ಸೂರ್ಯ ಮುಳುಗಿದಾಗ. ಕ್ಯಾಲೆಂಡರಲ್ಲಿ ಬುಧವಾರ ಅಂತಿದ್ರೆ ಮಂಗಳವಾರ ಸಂಜೆ ಅಸೈನ್‌ಮೆಂಟ್ ಡೆಡ್‌ಲೈನೂ ಇಡಬಾರದು, ಇದನ್ನೇ ಎಲ್ಲರೂ ಮರೀತಾರೆ.

ಆರ್‌ಎ ಆದಾಗ ಮೊದಲು ಮಾಡಿದ ಕೆಲಸ ಇದೇ, ಆಗಸ್ಟಲ್ಲೇ ಇಡೀ ವರ್ಷದ ಹಬ್ಬಗಳನ್ನ "ಹಿಂದಿನ ಸಂಜೆಯಿಂದ" ಅಂತ ಬರೆದು ಉಳಿದ ಆರ್‌ಎಗಳ ಕ್ಯಾಲೆಂಡರಿಗೂ ಸೇರಿಸಿದೆ. ಡೌಟ್ ಬಂದ್ರೆ ಹಿಲೆಲ್‌ಗೆ ಹೋಗಿ ಕೇಳ್ತಿದ್ದೆ. ಹಿಲೆಲ್ ಅಂದ್ರೆ ಯಹೂದಿ ಸ್ಟೂಡೆಂಟ್ಸ್‌ಗೆ ಅಂತಲೇ ಇರೋ ಸಂಸ್ಥೆ, 1923ರಲ್ಲಿ ಇಲಿನಾಯ್ ಯೂನಿವರ್ಸಿಟಿಯಲ್ಲಿ ಶುರು ಆಗಿದ್ದು, ಈಗ ನೂರಾರು ಕ್ಯಾಂಪಸ್‌ನಲ್ಲಿದೆ. ಶುಕ್ರವಾರ ರಾತ್ರಿ ಊಟಕ್ಕೆ ಯಹೂದಿ ಅಲ್ಲದವರನ್ನೂ ಕೂರಿಸ್ಕೋತಾರೆ.

ಹಾಸ್ಟೆಲಲ್ಲಿ ದೊಡ್ಡ ತಲೆನೋವು ಕಾರ್ಡ್ ಕೀ. ಶಬ್ಬಾತ್ ದಿನ ಮಾಡಬಾರದ 39 ಥರದ ಕೆಲಸ ಇದಾವೆ, ಅದನ್ನ ಪಾಲಿಸೋರು ಸ್ವಿಚ್ ಒತ್ತಲ್ಲ, ಕಾರ್ಡ್ ಉಜ್ಜಲ್ಲ, ಲಿಫ್ಟ್ ಬಟನ್ನೂ ಇಲ್ಲ. ಶುಕ್ರವಾರ ಸಂಜೆಯಿಂದ ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಾಣೋ ತನಕ. ಮೊದಲನೇ ವಾರ ಒಬ್ಬ ಹುಡುಗ ಮೇನ್ ಡೋರ್ ಹೊರಗೆ ಯಾರಾದ್ರೂ ಬರ್ತಾರಾ ಅಂತ ಮುಕ್ಕಾಲು ಗಂಟೆ ನಿಂತಿದ್ದ, ಸುಮ್ನೆ ಹೀಗೇ ಗಾಳಿ ತಗೋತಿದೀನಿ ಅಂದ. ಕೇಳೋಕೆ ಸಂಕೋಚ. ಆಮೇಲೆ ಹೌಸಿಂಗ್ ಆಫೀಸಿಗೆ ಮೂರು ಸಲ ಅಲೆದು ಅವನ ರೂಮಿಗೆ ಹಳೇ ಕಾಲದ ತಿರುಗಿಸೋ ಕೀ ಹಾಕಿಸ್ದೆ, ರೂಮನ್ನ ಎರಡನೇ ಮಹಡಿಗೆ ಬದಲಾಯಿಸ್ದೆ, ಮೇನ್ ಡೋರ್ ಹತ್ರ ಶುಕ್ರವಾರ ರಾತ್ರಿ ಡೆಸ್ಕಲ್ಲಿ ಕೂರೋರಿಗೆ ಇವನ ಮುಖ ತೋರಿಸಿ ಇಟ್ಟೆ.

ಇನ್ನೊಂದು ನಮಗೆ ಹೊಳೆಯೋದೇ ಇಲ್ಲ, ಬಾತ್ರೂಮಲ್ಲಿ ಸೆನ್ಸರ್ ಲೈಟು. ಕಾಲಿಟ್ರೆ ತಾನಾಗೇ ಹತ್ಕೊಳ್ಳತ್ತೆ, ಅದೇ ಅವರಿಗೆ ಕಷ್ಟ. ಗೋಡೆ ಮೇಲೆ ಸೆನ್ಸರ್ ಬಿಟ್ಟು ಸದಾ ಆನ್ ಇಡೋ ಚಿಕ್ಕ ಸ್ವಿಚ್ ಇತ್ತು, ಅದನ್ನ ಪ್ರತಿ ಶುಕ್ರವಾರ ಸೂರ್ಯ ಮುಳುಗೋ ಮುಂಚೆ ನಾನೇ ಒತ್ತಿ ಬರೋದು ಅಂತ ರೂಢಿ ಮಾಡ್ಕೊಂಡೆ. ಎರಡು ಸಲ ಮರೆತಿದೀನಿ. ಮರೆತಾಗ ಯಾರೂ ಹೇಳಲ್ಲ, ಹೇಳಿ ಮಾಡಿಸ್ಕೊಳ್ಳೋ ಹಾಗೂ ಇಲ್ವಂತೆ. ಒಂದು ಸಲ ಆ ಕೀ ಹುಡುಗ ಬಂದು ನನ್ನ ಬಾಗಿಲು ತಟ್ಟಿ, ಇವತ್ತು ಬಾತ್ರೂಮಲ್ಲಿ ಭಾಳ ಕತ್ತಲೆ ಇದೆಯಲ್ಲ ಅಂದು ಹೋದ. ನನಗೆ ಅರ್ಥ ಆಗೋಕೆ ಎರಡು ನಿಮಿಷ ಬೇಕಾಯ್ತು.

ಅಡುಗೆಮನೆ ವಿಷಯ ಮಾತ್ರ ನಂಗೆ ಯಾರೂ ಹೇಳಿಕೊಡಬೇಕಾಗಿರ್ಲಿಲ್ಲ. ಮಾಂಸದ ಪಾತ್ರೆ ಬೇರೆ ಹಾಲಿನ ಪಾತ್ರೆ ಬೇರೆ, ಸ್ಪಂಜು ಬೇರೆ, ಸಿಂಕು ಬೇರೆ ಅಂದಾಗ ಅಲ್ಲಿದ್ದ ಅಮೆರಿಕನ್ ಆರ್‌ಎ ಕಣ್ಣು ಬಿಟ್ಕೊಂಡು ನೋಡ್ತಿದ್ರೆ ನಂಗೆ ನಮ್ಮಜ್ಜಿ ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಿದ್ಯಾ ಅಂತ ಬೈಯೋದು ನೆನಪಾಯ್ತು. ಆದ್ರೆ ಪೂರ್ತಿ ಒಂದೇ ಅಂತ ಹೇಳಲಾರೆ, ಅಜ್ಜಿ ಮಡಿಯಲ್ಲಿ ಮನುಷ್ಯರನ್ನ ದೂರ ನಿಲ್ಲಿಸೋದೂ ಇತ್ತು, ಇಲ್ಲಿ ಹಿಲೆಲ್ ಅಡುಗೆಮನೆಯಲ್ಲಿ ನಾನೇ ಸೌತೆಕಾಯಿ ಹೆಚ್ಚಿದೀನಿ. ಡೈನಿಂಗ್ ಹಾಲಲ್ಲಿ ಸೀಲ್ ಆದ ಕೋಷರ್ (ಅಂದ್ರೆ ಅವರ ನಿಯಮದ ಪ್ರಕಾರ ಮಾಡಿದ) ಊಟ ಸಿಗ್ತಿತ್ತು, ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿರತ್ತೆ, ಬಿಚ್ಚದೇನೇ ಮೈಕ್ರೋವೇವಲ್ಲಿ ಇಡಬೇಕು. ಒಂದು ಸಲ ನಾನು ಉಪಕಾರ ಮಾಡೋಕೆ ಹೋಗಿ ಬಿಚ್ಚಿ ಬಿಸಿ ಮಾಡಿ ತಂದುಕೊಟ್ಟೆ. ಪಾಪ, ಆ ಹುಡುಗಿ ಥ್ಯಾಂಕ್ಸ್ ಹೇಳಿ ತಗೊಂಡ್ಲು, ಆಮೇಲೆ ಬಾಳೆಹಣ್ಣು ತಿನ್ತಾ ಕೂತಿದ್ದು ನೋಡ್ದೆ. (ನಮ್ಮ ವೆಜಿಟೇರಿಯನ್‌ಗಳಿಗೆ ಒಂದು ಮಾತು, ಪ್ಯಾಕೆಟ್ ಮೇಲೆ ಪಾರ್ವೆ ಅಂತಿದ್ರೆ ಮಾಂಸ ಇಲ್ಲ, ಹಾಲೂ ಇಲ್ಲ, ಆದ್ರೆ ಮೊಟ್ಟೆ ಮೀನು ಇರಬಹುದು, ಹಿಂದೆ ಓದಿ ತಗೊಳ್ಳಿ.)

ಎಲ್ಲರೂ ಹಿಂಗೇ ಅಂತನೂ ಅನ್ಕೋಬೇಡಿ. ನಮ್ಮ ಫ್ಲೋರಲ್ಲೇ ಒಬ್ಬ ಬೆಳಗ್ಗೆ ಎದ್ರೆ ಬೇಕನ್ (ಹಂದಿ ಮಾಂಸ, ಕೋಷರ್ ಅಲ್ಲ) ತಿಂತಿದ್ದ, ಹನುಕ್ಕಾ ಹಬ್ಬದ ದೀಪ ಹಚ್ಚೋಕೆ ಮಾತ್ರ ಹಾಜರು. ಅವನಿಗೆ ನಾನು ಕೋಷರ್ ಲಿಸ್ಟ್ ಕೊಟ್ಟಾಗ ಬಿದ್ದು ಬಿದ್ದು ನಕ್ಕ.

2023ರ ಅಕ್ಟೋಬರ್ 7, ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿದ ದಿನ, ಅದರ ಬಗ್ಗೆ ಹೇಳದೇ ಇರೋಕಾಗಲ್ಲ. ಅವತ್ತು ಶನಿವಾರ, ಜೊತೆಗೆ ಹಬ್ಬ, ಇಲ್ಲಿ ಎರಡು ದಿನದ ಹಬ್ಬ ಆದ್ದರಿಂದ ಭಾನುವಾರ ಕತ್ತಲಾಗೋ ತನಕ ಕಟ್ಟುನಿಟ್ಟಿನವರ ಫೋನು ಡ್ರಾಯರಲ್ಲೇ. ನನ್ನ ಫೋನಲ್ಲಿ ಬೆಳಗ್ಗೆಯಿಂದ ಸುದ್ದಿ ಮೇಲೆ ಸುದ್ದಿ. ಆ ಕೀ ಹುಡುಗನ ಅಕ್ಕ ಇಸ್ರೇಲಲ್ಲಿದ್ಲು. ಹೇಳ್ಬೇಕಾ ಬೇಡ್ವಾ ಅಂತ ಕಾರಿಡಾರಲ್ಲಿ ಓಡಾಡಿದೆ, ಪ್ರಾರ್ಥನೆಗೆ ಹೋದ ಕಡೆ ಅವನಿಗೆ ಆಗ್ಲೇ ಗೊತ್ತಾಗಿತ್ತು, ಅಕ್ಕನ ವಿಷಯ ಮಾತ್ರ ಗೊತ್ತಿಲ್ಲ. ಭಾನುವಾರ ಸಂಜೆ ಲೌಂಜಲ್ಲಿ ಅವನ ಪಕ್ಕ ಕೂತಿದ್ದೆ, ಮಾತಿಲ್ಲ, ಇಬ್ರೂ ಕಿಟಕಿ ಕಡೆ ನೋಡ್ತಾ. ಕತ್ತಲಾಯ್ತು, ಫೋನ್ ಆನ್ ಮಾಡಿದ, ಅದು ಸ್ಟಾರ್ಟ್ ಆಗೋಕೆ ತಗೊಂಡ ಒಂದು ನಿಮಿಷದಷ್ಟು ಉದ್ದದ ನಿಮಿಷ ನಾನು ನೋಡಿಲ್ಲ. ಅಕ್ಕ ಹುಷಾರಾಗಿದ್ಲು. ಮುಂದಿನ ತಿಂಗಳುಗಳು ಚೆನ್ನಾಗಿರ್ಲಿಲ್ಲ. ಕಿಪ್ಪಾ (ಯಹೂದಿ ಗಂಡಸರು ತಲೆ ಮೇಲೆ ಹಾಕೋ ಚಿಕ್ಕ ಟೋಪಿ) ಮೇಲೆ ಬೇಸ್‌ಬಾಲ್ ಕ್ಯಾಪ್ ಹಾಕ್ಕೊಂಡು ಓಡಾಡೋಕೆ ಶುರು ಮಾಡಿದ ಒಬ್ಬ, ಅದೇ ಫ್ಲೋರಲ್ಲಿ ಪ್ಯಾಲೆಸ್ಟೀನ್ ಮೂಲದ ಹುಡುಗಿ ಇದ್ಲು, ಅವಳೂ ರಾತ್ರಿ ನಿದ್ದೆ ಇಲ್ದೇ ಫೋನ್ ಹಿಡ್ಕೊಂಡು ಕೂತಿರ್ತಿದ್ಲು. ನಾನು ಇಬ್ಬರಿಗೂ ಆರ್‌ಎ. ಯಾರು ಸರಿ ಅಂತ ಹೇಳೋಕೆ ಹೋಗ್ಲಿಲ್ಲ, ಊಟ ಆಯ್ತಾ ಅಂತ ಕೇಳ್ತಿದ್ದೆ, ಅಷ್ಟು ಬಿಟ್ರೆ ನನ್ನ ಕೈಲಿ ಬೇರೇನೂ ಆಗ್ತಿರ್ಲಿಲ್ಲ.

2024ರಲ್ಲಿ ಯೋಮ್ ಕಿಪ್ಪೂರ್ ಅಕ್ಟೋಬರ್ 12, ಶನಿವಾರ. ಶುಕ್ರವಾರ ಸಂಜೆ ಬಾಗಿಲು ತಟ್ಟಿದ ಸದ್ದು. ನೋಡಿದ್ರೆ ಎರಡು ವರ್ಷದ ಹಿಂದೆ ಇಮೇಲ್ ಮಾಡಿದ್ದ ಆ ಫಸ್ಟ್ ಇಯರ್ ಹುಡುಗ, ಈಗ ಥರ್ಡ್ ಇಯರು, ಬಿಳಿ ಶರ್ಟು, ಕಾಲಿಗೆ ಕ್ಯಾನ್ವಾಸ್ ಶೂ, ಅವತ್ತು ಚರ್ಮದ್ದು ಹಾಕಲ್ವಂತೆ. ಈ ದಿನದ ಮುಂಚೆ, ನಾವು ಯಾರಿಗೆ ತಪ್ಪು ಮಾಡಿದೀವೋ ಅವರ ಹತ್ರ ಹೋಗಿ ಕ್ಷಮೆ ಕೇಳೋದು ನಮ್ಮ ಪದ್ಧತಿ, ಆಗ ಇಮೇಲ್ ಸ್ವಲ್ಪ ಖಾರವಾಗಿ ಬರೆದಿದ್ದೆ, ಸಾರಿ ಅಂದ. ಅಯ್ಯೋ ಖಾರವಾಗಿ ಬರ್ದಿದ್ದು ನಾನು ಮಾರಾಯ, ಅಂದೆ. ಊರಲ್ಲಿ ಆಗ್ಲೇ ವಿಜಯದಶಮಿ ಬೆಳಗಿನ ಜಾವ. ನಮ್ಮ ಕಡೆ ಇವತ್ತು ಬನ್ನಿ ಎಲೆ ಕೊಟ್ಟು, ಜಗಳ ಆಡ್ಕೊಂಡಿರೋರೂ "ಬಂಗಾರದಂಗ ಇರೋಣು" ಅಂತೀವಿ ಅಂತ ಹೇಳಿದೆ. ಎಲೆ ಎಲ್ಲಿ ಅಂತ ಕೈ ಚಾಚಿದ. ಬರೋವಾಗ ಒಂದು ಎಲೆ ಬ್ಯಾಗಲ್ಲಿ ಹಾಕ್ಕೊಂಡು ಬಂದ್ರೂ ಏರ್‌ಪೋರ್ಟಲ್ಲಿ ಕಿತ್ಕೋತಾರಪ್ಪ ಅಂದೆ, ನಕ್ಕ, ಟೈಮ್ ನೋಡ್ಕೊಂಡು ಮೆಟ್ಟಿಲು ಇಳಿದ. ಸೂರ್ಯ ಮುಳುಗೋಕೆ ಇನ್ನೂ ಸ್ವಲ್ಪ ಹೊತ್ತಿತ್ತು, ನಾನು ಬಾತ್ರೂಮ್ ಲೈಟ್ ಆನ್ ಮಾಡೋಕೆ ಹೋದೆ.